ಬೋಟಿನ ಕಥೆಯನ್ನು ಯಾರು ಹೇಳಬೇಕು?

ಪ್ರಶ್ನೆ: ನನ್ನ ಊರು ಕಾರವಾರದ ಹತ್ತಿರ. ಒಂದು ನೀಳ್ಗತೆ ಬರೆಯುತ್ತಿದ್ದೇನೆ. ಆಗಸ್ಟ್ ಮೊದಲ ವಾರ, ಮೀನುಗಾರಿಕೆ ಆಗಷ್ಟೇ ಮತ್ತೆ ಶುರುವಾಗಿದೆ. ಬೈತಖೋಲ ಬಂದರಿನಿಂದ ಹೊರಟ ಟ್ರಾಲರ್ ಬೋಟೊಂದು ಗಾಳಿಗೆ ಸಿಕ್ಕಿ ಎರಡು ದಿನ ತಡವಾಗಿ ವಾಪಸ್ ಬರುತ್ತದೆ. ಬೋಟಿನ ಕೆಲಸಗಾರ, ಒಬ್ಬ ಖಲಾಸಿ ಮಾತ್ರ ಬರುವುದಿಲ್ಲ. ಬೋಟ್ ನಡೆಸುವ ತಾಂಡೇಲ ದೇವಿದಾಸ, ಪೇಟೆಯಲ್ಲಿ ಮೀನು ಮಾರುವ ಅವನ ಹೆಂಡತಿ ಸುಮಿತ್ರಾ, 11 ವರ್ಷದ ಮಗಳು ಶೈಲಾ, ಬೋಟಿನ ಮಾಲಕ ಮೋಹನ, ಇವರೇ ಮುಖ್ಯ ಪಾತ್ರಗಳು. ಮೊದಲು ಶೈಲಾಳ ಬಾಯಲ್ಲಿ ‘ನಾನು’ ಎಂದು ಬರೆದೆ. ಸಮುದ್ರದ ಮೇಲೆ ನಡೆದದ್ದನ್ನು ಅವಳಿಂದ ಹೇಳಿಸುವುದು ಹೇಗೆಂದು ತಿಳಿಯದೆ ನಿಂತುಹೋಯಿತು. ಮತ್ತೆ ಎಲ್ಲವನ್ನೂ ‘ಅವನು, ಅವಳು’ ಎಂದು ತಿದ್ದಿದೆ. ಈಗ ಪೇಪರಿನ ಸುದ್ದಿ ಓದಿದ ಹಾಗಿದೆ. ಒಬ್ಬೊಬ್ಬರಿಂದ ಒಂದೊಂದು ಅಧ್ಯಾಯ ಹೇಳಿಸು ಅಂತ ಗೆಳತಿ ಹೇಳುತ್ತಾಳೆ. ಯಾವುದು ಸರಿ? ಎರಡೂ ಕರಡುಗಳನ್ನು ಕಳಿಸಿದ್ದೇನೆ.

ಉತ್ತರ: ಎರಡನ್ನೂ ಓದಿದೆ. ಶೈಲಾಳನ್ನು ಬಿಡಬೇಡಿ. ಅವಳು ‘ನಾನು’ ಎನ್ನಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡೋಣ. ನೀವು ಅದನ್ನೇ ಮೊದಲು ಹಿಡಿದುಕೊಂಡಿರಿ, ಅದಕ್ಕೇ ದಾರಿ ಸಿಗಲಿಲ್ಲ.

ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟು: ಈ ಕಥೆಯಲ್ಲಿ ಯಾರಿಗೆ ಏನು ಗೊತ್ತಿಲ್ಲ? ಖಲಾಸಿ ಹೇಗೆ ಹೋದ ಅಂತ ದೇವಿದಾಸನಿಗೆ ಗೊತ್ತು. ಆ ಎರಡು ದಿನ ಮನೆಯಲ್ಲಿ ಏನಾಯಿತು ಅಂತ ಗೊತ್ತಿಲ್ಲ. ಸುಮಿತ್ರಾಳಿಗೆ ಮನೆಯ ಸಾಲ ಪೈಸೆ ಪೈಸೆ ಗೊತ್ತು, ಬೋಟಿನ ಮೇಲಿನದು ಗೊತ್ತಿಲ್ಲ. ಗಾಳಿ ಬರುತ್ತದೆ ಎಂಬ ಸೂಚನೆ ಮಾಲಕನ ಫೋನಿಗೆ ಬಂದಿತ್ತು, ಆದರೂ ಬೋಟ್ ಬಿಡಿಸಿದ. ಇದು ನಿಮ್ಮ ಎರಡನೇ ಕರಡಿನಲ್ಲಿ ಇದೆ. ಶೈಲಾಳಿಗೆ ಇದರಲ್ಲಿ ಯಾವುದೂ ಪೂರ್ತಿ ಗೊತ್ತಿಲ್ಲ. ಆದರೆ ಎಲ್ಲದರ ಚೂರು ಅವಳ ಕಿವಿಗೆ ಬೀಳುತ್ತದೆ. ಮಕ್ಕಳ ಎದುರು ದೊಡ್ಡವರು ಅರ್ಧ ಮಾತು ಆಡಿ ನಿಲ್ಲಿಸುತ್ತಾರಲ್ವಾ? ಆ ಅರ್ಧ ಮಾತುಗಳೆಲ್ಲ ಸೇರುವ ಜಾಗ ಅವಳೊಬ್ಬಳೇ. ನಿಮ್ಮ ಕಥೆಗೆ ಬೇಕಾದದ್ದೂ ಅದೇ.

ದೇವಿದಾಸನೇ ಹೇಳಿದರೆ ಏನಾಗುತ್ತದೆ ನೋಡಿ. ಅವನಿಗೆ ಎಲ್ಲ ಗೊತ್ತಿದೆ. ಮೊದಲ ಪುಟದಲ್ಲೇ ಹೇಳಿಬಿಟ್ಟರೆ ಕಥೆ ಮುಗಿಯಿತು. ಕೊನೆಯ ಪುಟದ ತನಕ ಮುಚ್ಚಿಟ್ಟರೆ ಓದುವವರಿಗೆ ಸಿಟ್ಟು ಬರುತ್ತದೆ. ಹೇಳುವವನಿಗೆ ಗೊತ್ತಿದ್ದ ವಿಷಯವನ್ನು ಬರೆಯುವವರು ಬೇಕೆಂದೇ ತಡೆಹಿಡಿದಿದ್ದಾರೆ ಅನ್ನುವುದು ಥಟ್ಟನೆ ತಿಳಿಯುತ್ತದೆ. ಮುಚ್ಚಿಡುವುದೇ ಅವನ ಸ್ವಭಾವವಾಗಿದ್ದರೆ ಮಾತು ಬೇರೆ. ನಿಮ್ಮದೇ ಜಿಲ್ಲೆಯ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿಲ್ಲದಿದ್ದರೆ ಓದಿ. ಅಲ್ಲಿ ‘ನಾನು’ ಎನ್ನುವವನಿಗೆ ಕೊನೆಯವರೆಗೂ ಹೆಸರಿಲ್ಲ. ಮನೆಯ ಎಲ್ಲರ ಬಗ್ಗೆ ಹೇಳುತ್ತಾ ಹೋಗುತ್ತಾನೆ. ಅವನು ಏನನ್ನು ದಾಟಿ ಹೋಗುತ್ತಿದ್ದಾನೆ ಅಂತ ನಮಗೆ ಮೆಲ್ಲಗೆ ಅನುಮಾನ ಬರುತ್ತದೆ. ಅಂಥ ‘ನಾನು’ ಬರೆಯುವುದು ಬಲು ಕಷ್ಟ. ದೇವಿದಾಸ ಆ ಥರದವನಲ್ಲ. ಅವನು ಮಾತೇ ಆಡದವನು.

ನಮ್ಮ ಕಡೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳುವುದು ಸುಲಭ, ತಾಳಮದ್ದಳೆ ಇದೆಯಲ್ಲ, ವೇಷ, ಕುಣಿತ ಇಲ್ಲದೆ ಕೂತು ಆಡುವ ಯಕ್ಷಗಾನ. ಹಾಡಿ ಕಥೆ ನಡೆಸುವ ಭಾಗವತರಿಗೆ ಪ್ರಸಂಗದ ಶುರು, ಕೊನೆ ಎಲ್ಲ ಗೊತ್ತು. ಒಂದು ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಪಾಡು ಬೇರೆ. ಕರ್ಣಭೇದನದಲ್ಲಿ ಕರ್ಣನ ಅರ್ಥ ಹೇಳಲು ಕೂತವರು, ಕೃಷ್ಣ ಹುಟ್ಟಿನ ಗುಟ್ಟು ಹೇಳುವ ತನಕ, ಕುಂತಿ ತನ್ನ ತಾಯಿ ಎಂದು ತಿಳಿದವರ ಹಾಗೆ ಒಂದು ಮಾತೂ ಆಡುವಂತಿಲ್ಲ. ಅರ್ಥಧಾರಿಗೆ ಗೊತ್ತು, ಕೂತು ಕೇಳುವವರಿಗೂ ಗೊತ್ತು. ಕರ್ಣನಿಗೆ ಮಾತ್ರ ಗೊತ್ತಿಲ್ಲ. ಬಾಯಿ ತಪ್ಪಿದರೆ ಮುಂದೆ ಕೂತ ಅಜ್ಜಂದಿರು ಬಿಡುತ್ತಾರೆಯೇ? ‘ನಾನು’ ಎಂದು ಬರೆಯುವಾಗ ನೀವು ಅರ್ಥಧಾರಿ. ಎಲ್ಲರ ಮನಸ್ಸಿನೊಳಗೂ ಹೋಗಿ ಬರುತ್ತಾ ‘ಅವನು, ಅವಳು’ ಎಂದು ಹೇಳುವಾಗ ಭಾಗವತರು. ಎರಡರ ನಡುವೆ ಇನ್ನೊಂದು ಇದೆ. ಹೇಳುವ ದನಿ ಭಾಗವತರದು, ತಿಳುವಳಿಕೆ ಮಾತ್ರ ಒಬ್ಬ ಅರ್ಥಧಾರಿಯಷ್ಟು. ‘ಶೈಲಾ’, ‘ಅವಳು’ ಎಂದೇ ಬರೆಯುತ್ತೀರಿ, ಆದರೆ ಅವಳು ನೋಡದ, ಕೇಳದ, ಊಹಿಸದ ಒಂದನ್ನೂ ಬರೆಯುವುದಿಲ್ಲ. ನಿಮಗೆ ಹೊಂದುವುದು ಇದು.

ಎರಡನೇ ಕರಡು ಸುದ್ದಿಯ ಹಾಗೆ ಕೇಳುವುದಕ್ಕೆ ‘ಅವಳು’ ಕಾರಣವಲ್ಲ. ಈ ಸಾಲು ನೋಡಿ: “ದೇವಿದಾಸನ ಪತ್ನಿ ಸುಮಿತ್ರಾ ಆತಂಕದಿಂದ ಪದೇ ಪದೇ ಫೋನ್ ನೋಡುತ್ತಿದ್ದಳು. ಮಗಳು ಶೈಲಾ ಬಾಗಿಲ ಬಳಿ ನಿಂತಿದ್ದಳು.” ಇಲ್ಲಿ ಯಾರು ನೋಡುತ್ತಿದ್ದಾರೆ? ಯಾರೂ ಇಲ್ಲ. ಅದನ್ನೇ ಹೀಗೆ ಬರೆದು ನೋಡಿ: “ಆಯಿ ಮತ್ತೆ ಫೋನ್ ತೆಗೆದಳು. ಇಟ್ಟಳು. ಮೀನಿನ ಬುಟ್ಟಿ ನಿನ್ನೆ ತೊಳೆದಿಟ್ಟಲ್ಲೇ ಮಗುಚಿಕೊಂಡಿತ್ತು. ಇವತ್ತು ಶಾಲೆಗೆ ಹೋಗಬೇಕೋ ಬೇಡವೋ? ಕೇಳುವುದು ಹೇಗೆ?” ‘ನಾನು’ ಇಲ್ಲ, ‘ಶೈಲಾ’ ಕೂಡ ಇಲ್ಲ. ಆದರೂ ಯಾರ ಕಣ್ಣು ಅಂತ ತಿಳಿಯುತ್ತದೆ. ‘ಆತಂಕ’ ಅನ್ನುವುದನ್ನೂ ಬರೆಯಬೇಕಾಗಿ ಬರಲಿಲ್ಲ.

ಆ ಕೆಲಸ ಮಾಡಿದ್ದು ‘ಆಯಿ’, ಶೈಲಾ ಅಮ್ಮನನ್ನು ಕರೆಯುವ ಮಾತು. ಕನ್ನಡದಲ್ಲಿ ಬರೆಯುವವರಿಗೆ ಇದೊಂದು ದೊಡ್ಡ ಅನುಕೂಲ, ಯಾಕೋ ಯಾರೂ ಇದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ನಿಮ್ಮ ತಾಂಡೇಲ ಎಲ್ಲರಿಗೂ ದೇವಿದಾಸ ಅಲ್ಲ. ಬೋಟಿನವರಿಗೆ ಅವನು ತಾಂಡೇಲ. ಮಾಲಕನಿಗೆ ದೇವು. ಹೆಂಡತಿ ಹೆಸರು ಹೇಳದವಳಾದರೆ ‘ಶೈಲಾನ ಅಪ್ಪ’. ಶೈಲಾಳಿಗೆ ಅಪ್ಪ. ಶೈಲಾಳ ಬೆನ್ನಿಗೇ ನಡೆಯುತ್ತಿರುವ ಅಧ್ಯಾಯದಲ್ಲಿ “ದೇವಿದಾಸ ಒಳಗೆ ಬಂದ” ಎಂದು ಬರೆದರೆ ಓದುವವರು ಒಮ್ಮೆಲೇ ಮನೆಯಿಂದ ರಸ್ತೆಗೆ ಬೀಳುತ್ತಾರೆ. “ಅಪ್ಪ ಒಳಗೆ ಬಂದ” ಎಂದರೆ ಒಳಗೇ ಇರುತ್ತಾರೆ. ಮನೆಯಲ್ಲಿ ಅಮ್ಮನನ್ನು, ಅಪ್ಪನನ್ನು ಏನೆಂದು ಕರೆಯುತ್ತಾರೋ ಅದನ್ನೇ ಇಡಿ, ಪುಸ್ತಕದ ‘ತಂದೆ’, ‘ತಾಯಿ’ ಬೇಡ.

ಕ್ರಿಯಾಪದವೂ ಹಾಗೆಯೇ. ‘ಬಂದ’, ‘ಬಂದರು’ ಇವುಗಳಲ್ಲೇ ನೋಡುವವರ ಮನಸ್ಸು ಕಾಣುತ್ತದೆ. ಶೈಲಾಳ ಅಪ್ಪ ‘ಬಂದ’, ಆಯಿ ‘ಬಂದಳು’, ಶಾಲೆಯ ಬಾಯಿಯವರು, ಅಂದರೆ ಟೀಚರು, ‘ಬಂದರು’, ಮಾಲಕರೂ ‘ಬಂದರು’. ಗಾಳಿಯ ಸೂಚನೆ ಮೊದಲೇ ಬಂದಿತ್ತು ಎಂಬ ಮಾತು ಅವಳ ಕಿವಿಗೆ ಬಿದ್ದ ಮೇಲೆ, ಮುಂದಿನ ಸಲ ಅವನು ಅಂಗಳಕ್ಕೆ ಕಾಲಿಟ್ಟಾಗ “ಮಾಲಕ ಬಂದ” ಎಂದಷ್ಟೇ ಬರೆಯಿರಿ. ಅದರ ಬಗ್ಗೆ ಒಂದು ಸಾಲು ವಿವರಣೆಯೂ ಬೇಡ. ಗಮನಿಸುವವರು ಗಮನಿಸುತ್ತಾರೆ.

ಇನ್ನೊಂದು ಹತಾರ ‘ತಾನು’. “ತನ್ನಿಂದಲೇ ಹೀಗಾಯಿತೇನೋ. ತಾನು ಆವತ್ತು ಜ್ವರ ಅಂತ ಹಟ ಮಾಡಿದ್ದರೆ ಅಪ್ಪ ಹೋಗುತ್ತಲೇ ಇರಲಿಲ್ಲ.” ‘ಎಂದು ಶೈಲಾ ಯೋಚಿಸಿದಳು’ ಅನ್ನುವ ಬಾಲ ಇಲ್ಲದೆಯೇ ನಾವು ಅವಳ ತಲೆಯೊಳಗೆ ಇದ್ದೇವೆ. ನಿಮ್ಮ ಕರಡಿನಲ್ಲಿ ‘ಎಂದು ಯೋಚಿಸಿದಳು’, ‘ಎಂದು ಅನಿಸಿತು’ ಪುಟಪುಟಕ್ಕೂ ಇವೆ. ಅವುಗಳಲ್ಲಿ ಬಹುಪಾಲು ಉದುರಿಸಬಹುದು.

ಮೀನುಗಾರಿಕೆ ನಿಷೇಧದ ಬಗ್ಗೆ ನೀವು ಒಂದು ಇಡೀ ಪ್ಯಾರಾ ಬರೆದಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಅದು ಮೀನು ಮರಿ ಹಾಕುವ ಕಾಲ, ಇತ್ಯಾದಿ. ವಿಷಯ ಸರಿಯಾಗಿದೆ, ಕಥೆಗೂ ಬೇಕು. ಎರಡು ತಿಂಗಳು ದುಡಿಮೆ ಇಲ್ಲದ್ದರಿಂದಲೇ ಗಾಳಿಯಲ್ಲೂ ಬೋಟ್ ಬಿಡುವ ಅವಸರ. ಆದರೆ ಅದನ್ನು ಹೇಳುತ್ತಿರುವವರು ಯಾರು? ದೇವಿದಾಸನ ಪಾಲಿಗೆ ಆ ಎರಡು ತಿಂಗಳೆಂದರೆ ಬಲೆ ರಿಪೇರಿ, ಬೋಟಿಗೆ ಬಣ್ಣ. ಸುಮಿತ್ರಾಳಿಗೆ ಸಂಘದ ಕಂತು. ಮಾಲಕನಿಗೆ ಬ್ಯಾಂಕಿನ ಬಡ್ಡಿ. ಶೈಲಾಳಿಗೆ? ಅಪ್ಪ ರಾತ್ರಿ ಮನೆಯಲ್ಲೇ ಇರುವ ತಿಂಗಳುಗಳು. ಊಟಕ್ಕೆ ಒಣಮೀನು. ಜುಲೈ ಕೊನೆಗೆ ಊರೆಲ್ಲ ಖುಷಿಯಾಗುತ್ತದೆ, ಅವಳಿಗೆ ಒಳಗೊಳಗೇ ಬೇಜಾರು. ದಿನಾಂಕ, ಕಾರಣ ಎಲ್ಲ ಇದರೊಳಗೇ ಬಂದುಬಿಡುತ್ತದೆ. ಕಾಯಿದೆಯ ಪ್ಯಾರಾ ತೆಗೆದುಬಿಡಿ.

ಈಗ ನಿಮ್ಮ ಕಷ್ಟದ ಜಾಗಕ್ಕೆ ಬರೋಣ. ಶೈಲಾ ದಡದಲ್ಲಿದ್ದಾಳೆ, ನಡೆದದ್ದು ಸಮುದ್ರದ ಮೇಲೆ. ಹೇಳುವುದು ಹೇಗೆ? ನಾವು ದಿನಾ ಹೇಳುವ ಹಾಗೆಯೇ. “ನಡುರಾತ್ರಿ ಇಂಜಿನ್ ಬಂದ್ ಬಿತ್ತಂತೆ. ವೈರ್‌ಲೆಸ್ಸಿನಲ್ಲಿ ಯಾರೂ ಸಿಗಲಿಲ್ಲವಂತೆ. ಬಲೆ ಬೋಟಿನಡಿಯ ಫ್ಯಾನಿಗೆ ಸುತ್ತಿಕೊಂಡಿತ್ತಂತೆ, ಬಿಡಿಸಲು ಅವನೇ ಇಳಿದನಂತೆ.” ಕಣ್ಣಾರೆ ಕಾಣದ್ದನ್ನು ಹೇಳಲು ‘ಅಂತೆ’ ನಮ್ಮ ನಾಲಿಗೆಯ ತುದಿಯಲ್ಲೇ ಇದೆ. ಆಡುವಾಗ ಧಾರಾಳವಾಗಿ ಬಳಸುತ್ತೇವೆ, ಬರೆಯಲು ಕೂತಾಗ ಮಾತ್ರ ಮರೆತುಬಿಡುತ್ತೇವೆ.

ಅದರ ನಿಜವಾದ ಲಾಭ ಮುಂದೆ ಇದೆ. ನೀರಿನ ನಲ್ಲಿಯ ಹತ್ತಿರ ಒಂದು ‘ಅಂತೆ’. ಮೀನು ಪೇಟೆಯಲ್ಲಿ ಆಯಿಯ ಪಕ್ಕ ಕೂರುವ ಹೆಂಗಸರದು ಇನ್ನೊಂದು. ಮಾಲಕನ ಮನೆಯವರು ಹೇಳುವುದು ಮೂರನೆಯದು. ಒಂದರಲ್ಲಿ ಖಲಾಸಿ ತಾನೇ ಇಳಿದ, ಇನ್ನೊಂದರಲ್ಲಿ ತಾಂಡೇಲ ಅವನನ್ನು ಇಳಿಸಿದ. ಇವು ಒಂದಕ್ಕೊಂದು ಕೂಡುವುದಿಲ್ಲ ಎನ್ನುವುದನ್ನು ಹುಡುಗಿ ಗಮನಿಸುತ್ತಾಳೆ. ಅಪ್ಪ ಮಾತ್ರ ಏನೂ ಹೇಳುವುದಿಲ್ಲ. ನೋಡಿ, ನಿಮಗೆ ಅಡ್ಡಿ ಅನಿಸಿದ್ದೇ ಈಗ ಕಥೆಯ ಬೆನ್ನೆಲುಬಾಯಿತು. ಕಡಲ ಮೇಲೆ ಏನಾಯಿತು ಎಂಬುದಕ್ಕಿಂತ, ಮಗಳು ಅದನ್ನು ಎಷ್ಟು ತಿಳಿದುಕೊಂಡಳು, ತಿಳಿದ ಮೇಲೆ ಅಪ್ಪನ ಪಕ್ಕ ಊಟಕ್ಕೆ ಹೇಗೆ ಕೂತಳು ಅನ್ನುವುದೇ ನೀವು ಬರೆಯಬೇಕಾದ ಕಥೆ ಅಂತ ನನಗೆ ಅನಿಸುತ್ತದೆ. ಬೇರೆ ಥರ ಅನಿಸಿದರೆ ನೀವು ಜಗಳ ಮಾಡಬಹುದು.

ಬಳಸುವಾಗ ಒಂದು ಎಚ್ಚರ. ಪ್ರತಿ ವಾಕ್ಯಕ್ಕೂ ‘ಅಂತೆ’ ಬಂದರೆ ಓದುವುದು ಕಷ್ಟ. ಮೊದಲ ನಾಲ್ಕೈದು ವಾಕ್ಯದಲ್ಲಿ ಇಟ್ಟು, ಆಮೇಲೆ ಸದ್ದಿಲ್ಲದೆ ‘ಇಳಿದ’, ‘ಕೂಗಿದ’ ಎಂದು ಬದಲಿಸಿ. ಕೇಳಿದ ಮಾತು ಎಂಬ ನೆನಪು ಓದುವವರಿಗೆ ಉಳಿದಿರುತ್ತದೆ. ಆ ಪುಟದ ಕೊನೆಗೆ ಮತ್ತೊಂದು ‘ಅಂತೆ’ ಇಟ್ಟು ದಡಕ್ಕೆ ಕರೆತನ್ನಿ.

ಕಂಡವರು ಒಬ್ಬರು, ಹೇಳುವವರು ಇನ್ನೊಬ್ಬರು. ಇದು ಕನ್ನಡಕ್ಕೆ ಹೊಸದೇನಲ್ಲ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಕಾಣುವ ಶಕ್ತಿ ಇರುವುದು ಅಜ್ಜಿಗೆ. ನಮಗೆ ಹೇಳುವವನು ಮೊಮ್ಮಗ ಸುಬ್ಬರಾಯ. ಅಜ್ಜಿಯೇ ‘ನಾನು ಕಂಡೆ’ ಎಂದು ಶುರು ಮಾಡಿದ್ದರೆ ನಾವು ನಂಬಬೇಕು ಇಲ್ಲವೇ ಬಿಡಬೇಕು, ಎರಡೇ ದಾರಿ. ನಡುವೆ ಮೊಮ್ಮಗ ಇರುವುದರಿಂದ ಅವನ ಜೊತೆ ನಾವೂ ಅನುಮಾನ ಪಡುತ್ತಾ, ಕೇಳುತ್ತಾ ಹೋಗಬಹುದು.

ಹಾಗಾದರೆ ಶೈಲಾ ‘ನಾನು’ ಎಂದೇ ಹೇಳಬಾರದೇ? ಹೇಳಬಹುದು, ಆದರೆ ಯಾವಾಗಿನ ಶೈಲಾ? ಮೊದಲ ಕರಡಿನಲ್ಲಿ ಅವಳು “ಬದುಕಿನ ಅನಿಶ್ಚಿತತೆ ನನ್ನನ್ನು ಕಾಡತೊಡಗಿತು” ಅನ್ನುತ್ತಾಳೆ. 11 ವರ್ಷದ ಹುಡುಗಿಗೆ ಅನಿಶ್ಚಿತತೆ ಕಾಡುವುದಿಲ್ಲ ಮಾರಾಯ್ರೆ, ಹಸಿವೆ ಕಾಡುತ್ತದೆ, ಹೆದರಿಕೆ ಆಗುತ್ತದೆ. ಅದು ನಿಮ್ಮ ಮಾತು, ಅವಳ ಬಾಯಿಗೆ ತುರುಕಿದ್ದೀರಿ. ದೊಡ್ಡವಳಾದ ಶೈಲಾ ಹಿಂತಿರುಗಿ ನೋಡಿ ಹೇಳುತ್ತಿದ್ದರೆ ಇಂಥ ಮಾತು ಆಡಬಹುದೇನೋ. ಆದರೆ ದೊಡ್ಡವಳಿಗೆ ಎಲ್ಲ ಗೊತ್ತಾಗಿಬಿಟ್ಟಿದೆ. ಆಗ ಅವಳು ಇಷ್ಟು ವರ್ಷ ಬಿಟ್ಟು ಇವತ್ತೇ ಯಾಕೆ ಹೇಳುತ್ತಿದ್ದಾಳೆ, ಯಾರಿಗೆ ಹೇಳುತ್ತಿದ್ದಾಳೆ ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು. ಅಪ್ಪ ತೀರಿಕೊಂಡ ಮೇಲೆಯೇ? ತನ್ನ ಮಗನೂ ಬೋಟಿಗೆ ಹೋಗುತ್ತೇನೆ ಎಂದಾಗಲೇ? ಉತ್ತರ ಇಲ್ಲದಿದ್ದರೆ ಆ ದಾರಿ ಬೇಡ. ಮಗುವಿನ ಕಣ್ಣಿನಿಂದ ನೋಡಿ, ದೊಡ್ಡವರ ಮಾತು ತುರುಕದೆ ಇರುವುದು ಹೇಗೆಂದು ನೋಡಬೇಕಾದರೆ ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಓದಿ. ಹುಡುಗ ಕಿಟ್ಟಿ ನೋಡುತ್ತಾನೆ, ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ.

‘ನಾನು’ ಇಟ್ಟರೆ ಭಾಷೆಯ ಪ್ರಶ್ನೆಯೂ ಬರುತ್ತದೆ, ನಿಮ್ಮ ಕಡೆ ಇದು ಸಣ್ಣದಲ್ಲ. ಈ ಹುಡುಗಿಯ ಮನೆಮಾತು ಕೊಂಕಣಿ. ಕನ್ನಡ ಅವಳಿಗೆ ಶಾಲೆಯಲ್ಲಿ ಬಂದದ್ದು. ಅವಳೇ ಕನ್ನಡದಲ್ಲಿ ಹೇಳಿದರೆ ಅದು ಸ್ವಲ್ಪ ಪಾಠಪುಸ್ತಕದ ಕನ್ನಡ, ಮನೆಯ ಸಾಮಾನಿಗೆಲ್ಲ ಕೊಂಕಣಿ ಹೆಸರು, ಸಿಟ್ಟು ಬಂದಾಗ ಪೂರ್ತಿ ಕೊಂಕಣಿ. ಚೆನ್ನಾಗಿ ಮಾಡಿದರೆ ಬಹಳ ಚಂದ. ಆದರೆ ಐವತ್ತು ಪುಟ ಹಾಗೇ ಹಿಡಿದಿಡಬೇಕು. ‘ಅವಳು’ ಎಂದು ಬರೆದರೆ ಈ ಭಾರ ಕಡಿಮೆ. ನಿರೂಪಣೆ ನಿಮ್ಮ ಕನ್ನಡದಲ್ಲಿ, ಮಾತು ಅವರವರದರಲ್ಲಿ.

ಗೆಳತಿಯ ಸಲಹೆ ಕಾದಂಬರಿಗಾದರೆ ಯೋಚಿಸಬಹುದಿತ್ತು. ಭೈರಪ್ಪನವರ ‘ಪರ್ವ’ದಲ್ಲಿ ಒಬ್ಬೊಬ್ಬರ ಮನಸ್ಸಿನೊಳಗೆ ಹೋಗಿ ಬಹಳ ಹೊತ್ತು ಇರುತ್ತೇವೆ, ಅಲ್ಲಿ ಅಷ್ಟು ಜಾಗ ಇದೆ. ನಿಮ್ಮದು ಐವತ್ತು ಪುಟ. ಹೊಸ ದನಿಗೆ ಓದುವವರು ಹೊಂದಿಕೊಳ್ಳುವಷ್ಟರಲ್ಲಿ ಅಧ್ಯಾಯ ಮುಗಿದಿರುತ್ತದೆ. ಮೇಲಾಗಿ ದೇವಿದಾಸನ ಅಧ್ಯಾಯ ಬಂದ ಕ್ಷಣವೇ ಗುಟ್ಟು ಹೊರಬಿತ್ತು, ಆಮೇಲಿನದನ್ನು ಯಾರು ಓದುತ್ತಾರೆ? ಮಾಲಕನ ಮನಸ್ಸಿನೊಳಗಂತೂ ಹೋಗಲೇಬೇಡಿ. ಒಳಗೆ ಹೋದರೆ ಅವನಿಗೂ ಒಂದು ಬ್ಯಾಂಕ್ ಸಾಲ, ಒಂದು ಸಮಜಾಯಿಷಿ ಸಿಕ್ಕಿಬಿಡುತ್ತದೆ. ಹೊರಗಿನಿಂದ, ಅಂಗಳದಲ್ಲಿ ಕುರ್ಚಿ ಎಳೆದುಕೊಂಡು ಕೂತು ಚಹಾ ಬೇಡ ಅನ್ನುವವನಾಗಿಯೇ ಇರಲಿ.

ಒಂದು ಸಣ್ಣ ತಪ್ಪು ಎರಡನೇ ಕರಡಿನಲ್ಲಿ ಮತ್ತೆ ಮತ್ತೆ ಇದೆ. “ಶೈಲಾ ಅಪ್ಪನ ಮುಖ ನೋಡಿದಳು. ಇವಳಿಗೆ ಹೇಳಬಾರದು ಎಂದುಕೊಂಡ ದೇವಿದಾಸ.” ಒಂದೇ ಉಸಿರಿಗೆ ಎರಡು ತಲೆ. “ಅಪ್ಪ ಬಾಯಿ ತೆರೆದ. ಮತ್ತೆ ಲುಂಗಿ ಸರಿ ಮಾಡಿಕೊಂಡು ಹೊರಗೆ ಹೋದ” ಎಂದರೆ ಸಾಕು.

ಎಲ್ಲರ ಮನಸ್ಸಿಗೂ ಹೋಗಿಬರುವ ನಿರೂಪಣೆ ಹಳೇ ಕಾಲದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು, ಅಲ್ಲಿ ನಿರೂಪಣೆ ಒಬ್ಬರಿಂದ ಇನ್ನೊಬ್ಬರಿಗೆ ಹರಿಯುತ್ತಲೇ ಹೋಗುತ್ತದೆ. ಇಡೀ ಸೀಮೆಯ ಕಥೆಗೆ ಅದು ಬೇಕು. ನಿಮ್ಮದು ಇಡೀ ಕೇರಿಯ ಕಥೆಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ‘ನೀನು ಬಂದೆ, ನೀನು ನೋಡಿದೆ’ ಎಂದು ಬರೆಯುವ ರೂಢಿಯೂ ಒಂದಿದೆ. ಎರಡು ಪುಟಕ್ಕೆ ಪರವಾಗಿಲ್ಲ, ಆಮೇಲೆ ಬೈಯುತ್ತಿದ್ದಾರೇನೋ ಅನಿಸುತ್ತದೆ.

ಶಿರಸಿ ಕಡೆಯಿಂದ ನನಗೆ ಬರುವ ಕಥೆಗಳ ಬಗ್ಗೆಯೂ ಒಂದು ಮಾತು, ನಿಮಗೂ ಉಪಯೋಗ ಆಗಬಹುದು. ಅಲ್ಲಿನ ‘ನಾನು’ ಯಾವಾಗಲೂ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು, ಅಡಕೆ ತೋಟ ನೋಡಿ ನಿಟ್ಟುಸಿರು ಬಿಡುತ್ತಾನೆ. ತೋಟದಲ್ಲಿ ಅವನಿಗೆ ಕೆಲಸ ಇಲ್ಲ, ಅದಕ್ಕೇ ಕಾಣುವುದೂ ಕಡಿಮೆ. ಅದೇ ತೋಟವನ್ನು ಮರದ ತುದಿಯಿಂದ, ಅಡಕೆ ಕೊನೆ ಕೊಯ್ಯುವ ಕೊನೆಗೌಡ ನೋಡಿದರೆ ಯಾರ ಗಡಿ ಎಲ್ಲಿ ಒತ್ತಿದೆ, ಯಾವ ಮನೆಯ ಅಂಗಳದಲ್ಲಿ ಈ ಸಲ ಅಡಕೆ ಹರವಿಲ್ಲ ಎಲ್ಲ ಕಾಣುತ್ತದೆ. ಕಣ್ಣು ಆರಿಸುವಾಗ, ಆ ಜಾಗದಲ್ಲಿ ಕೈಗೆ ಕೆಲಸ ಇರುವವರನ್ನು ಆರಿಸಿದರೆ ಒಳ್ಳೆಯದು. ಶೈಲಾಳಿಗೂ ಕೆಲಸ ಕೊಡಿ. ಆಯಿ ಪೇಟೆಗೆ ಹೋಗದ ದಿನ ಬುಟ್ಟಿ ಹೊತ್ತು ಅವಳೇ ಹೋಗಲಿ. ಆಗ ಆ ‘ಅಂತೆ’ಗಳೆಲ್ಲ ತಾವಾಗಿಯೇ ಅವಳ ಕಿವಿಗೆ ಬೀಳುತ್ತವೆ, ಬಾಗಿಲ ಹಿಂದೆ ನಿಂತು ಕದ್ದು ಕೇಳುವ ದೃಶ್ಯ ಬರೆಯಬೇಕಾಗಿಲ್ಲ.

ಈಗಲೇ ಇಡೀ ಕಥೆ ತಿದ್ದಲು ಕೂರಬೇಡಿ. ಬೋಟ್ ದಡಕ್ಕೆ ಬರುವ ದೃಶ್ಯ ಒಂದನ್ನೇ ತೆಗೆದುಕೊಳ್ಳಿ. ಒಂದು ಪುಟ ‘ನಾನು’ ಎಂದು, ಇನ್ನೊಂದು ಪುಟ ‘ಅವಳು’ ಎಂದು ಬರೆಯಿರಿ, ಎರಡರಲ್ಲೂ ಶೈಲಾ ನಿಂತ ಜಾಗ ಬದಲಾಗದಿರಲಿ. ಜೆಟ್ಟಿಯ ಮೇಲೆ ದೊಡ್ಡವರ ಬೆನ್ನುಗಳ ಹಿಂದೆ ನಿಂತವಳಿಗೆ ಎಷ್ಟು ಕಾಣುತ್ತದೆ? ಬೋಟಿನಲ್ಲಿ ಎಷ್ಟು ತಲೆ ಅಂತ ಅವಳು ಎಣಿಸಬಲ್ಲಳೇ? ಎರಡನ್ನೂ ಗಟ್ಟಿಯಾಗಿ ಓದಿ. ಯಾವುದು ನಾಲಿಗೆಗೆ ತೊಡರದೆ ಬರುತ್ತದೋ ಅದನ್ನು ಹಿಡಿಯಿರಿ. ನನ್ನ ಮತ ‘ಅವಳು’ ಕಡೆಗೆ, ಆದರೆ ಬರೆಯುವ ಕೈ ನಿಮ್ಮದು.

ಮತ್ತೆ ಆ ಖಲಾಸಿ. ನಿಮ್ಮ ಪತ್ರದಲ್ಲಿ, ಎರಡೂ ಕರಡಿನಲ್ಲಿ, ಎಲ್ಲರಿಗೂ ಹೆಸರಿದೆ. ಅವನಿಗೆ ಇಲ್ಲ. ನಮ್ಮ ಬಂದರುಗಳಲ್ಲಿ ಈಗ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಬೋಟಿಗೆ ಹೋಗುತ್ತಾರೆ. ಅವನು ಅಲ್ಲಿಯವನೋ, ಪಕ್ಕದ ಊರಿನವನೋ ಅನ್ನುವುದರ ಮೇಲೆ ಆ ‘ಅಂತೆ’ಗಳು ಪೂರ್ತಿ ಬದಲಾಗುತ್ತವೆ. ಪಕ್ಕದ ಊರಿನವನಾದರೆ ಅವನ ತಾಯಿ ಬಂದು ದೇವಿದಾಸನ ಬಾಗಿಲಲ್ಲಿ ನಿಲ್ಲುತ್ತಾಳೆ, ಶೈಲಾ ಅವಳ ಮುಖ ನೋಡಲೇಬೇಕು. ದೂರದವನಾದರೆ ಫೋನ್ ಬರುತ್ತದೆ, ಆ ಕಡೆಯವರ ಭಾಷೆ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಶಾಲೆಯಲ್ಲಿ ಹಿಂದಿ ಕಲಿತ ಹುಡುಗಿಯ ಕೈಗೆ ಆಯಿ ಫೋನ್ ಕೊಡುತ್ತಾಳೆ. ಇದನ್ನು ಮೊದಲು ತೀರ್ಮಾನಿಸಿ, ಆಮೇಲೆ ಆ ಎರಡು ಪುಟ ಬರೆದು ಕಳಿಸಿ.